ಊರು ಬಿಡದೆ ಕಲಿಯುವ ವಿದ್ಯೆ

ಮುದಗಲ್ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕೋಟೆ, ಆಮೇಲೆ ಮೊಹರಂ. ಆದಿಲ್‌ಶಾಹಿ ಕಾಲದಿಂದ ಅಲ್ಲಿ ಕ್ರೈಸ್ತರೂ ಬಾಳಿಕೊಂಡು ಬಂದಿದ್ದಾರೆ ಎಂಬುದು ಪಕ್ಕದ ತಾಲ್ಲೂಕಿನವರಿಗೇ ಅಷ್ಟಾಗಿ ಗೊತ್ತಿಲ್ಲ. ಕುಷ್ಟಗಿ ತಾಲ್ಲೂಕಿನ ತಾವರಗೇರಾ ದಾಟಿ ಹೋದರೆ ಸಿಗುವ ಈ ಊರು ಈಗ ರಾಯಚೂರು ಜಿಲ್ಲೆಯದು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವ ತನಕ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳೂ ಅದೇ ಜಿಲ್ಲೆಯಲ್ಲಿದ್ದವು.

ಕ್ರೈಸ್ತರಲ್ಲಿ ಆಧ್ಯಾತ್ಮಿಕ ಸಾಧನೆಯನ್ನು ಪಾಠ ಮಾಡಿ ಕಲಿಸುವ ಪದ್ಧತಿಯೊಂದಿದೆ. ಅದನ್ನು ಪರಿಚಯಿಸಬೇಕೆಂದು ಹೊರಟವನು ನಾನು. ಆದರೆ ನನ್ನನ್ನು ಈ ದಾರಿಗೆ ಎಳೆದದ್ದು ಕಾಲೇಜೂ ಅಲ್ಲ, ಚರ್ಚೂ ಅಲ್ಲ, ಒಂದು ಇಂಗ್ಲಿಷ್ ಕಾದಂಬರಿ. ಸುರಪುರದ ಬಾಲಕ ದೊರೆ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ತನ್ನ ಕೊನೆಗಾಲದಲ್ಲಿ ಬಿಜಾಪುರದ ರಾಣಿ ಚಾಂದಬೀಬಿಯ ಕಥೆ ಬರೆದ. ಅವನು ತೀರಿಕೊಂಡ ಎರಡು ವರ್ಷಕ್ಕೆ, 1878ರಲ್ಲಿ, ಅದು ‘ಎ ನೋಬಲ್ ಕ್ವೀನ್’ ಎಂಬ ಹೆಸರಿನಲ್ಲಿ ಅಚ್ಚಾಯಿತು. ಕಥೆಯ ಒಂದು ಎಳೆ ಬಂದು ನಿಲ್ಲುವುದು ಮುದಗಲ್ಲಿನಲ್ಲಿ. ಅಲ್ಲೊಂದು ಪುಟ್ಟ ಚರ್ಚು, ಒಬ್ಬ ಪಾದ್ರಿ, ಅವರ ಸಹೋದರಿ ಮರಿಯಾ, ಸುತ್ತ ಕನ್ನಡ ಆಡುವ ಕ್ರೈಸ್ತ ಮಂದಿ. ಪಾತ್ರಗಳು ಕಲ್ಪನೆಯವು, ಊರು ಕಲ್ಪನೆಯದಲ್ಲ. ಕನ್ನಡಕ್ಕೆ ತಂದ ಪ್ರಾರ್ಥನೆಗಳೂ ಪ್ರವಚನಗಳೂ ಮುದಗಲ್ಲಿನ ಕ್ರೈಸ್ತರ ಬಳಿ ಇದ್ದವೆಂದು ಟೇಲರ್ ಬೇರೆ ಕಡೆಯೂ ಬರೆದಿದ್ದಾನೆ.

ನಾನು ಸಿಕ್ಕಿಕೊಂಡದ್ದು ಈ ಒಂದು ಮಾತಿಗೆ. ಆ ಕಾಲಕ್ಕೆ ಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್ನಿನಲ್ಲಿ. ಗುರುಗಳು ಬರಬೇಕಾದದ್ದು ಗೋವೆಯಿಂದ, ಘಟ್ಟ ಹತ್ತಿ, ಕೃಷ್ಣೆ–ತುಂಗಭದ್ರೆಯರ ನಡುವಿನ ಈ ಒಣನೆಲಕ್ಕೆ. ಯುದ್ಧ, ಬರ, ಬೇನೆಗಳ ಕಾಲದಲ್ಲಿ ಪ್ರತಿ ಭಾನುವಾರ ಬಂದಿರಲು ಸಾಧ್ಯವೇ ಇಲ್ಲ. ಗುರುಗಳಿಲ್ಲದ ಭಾನುವಾರ ಆ ಕನ್ನಡ ಪ್ರವಚನ ಓದಿದವರು ಯಾರು? ಊರಿನವರೇ ಒಬ್ಬರು ಇರಬೇಕು. ಅಕ್ಷರ ಬಲ್ಲವರು, ದನಿ ಇದ್ದವರು, ವಾರವಿಡೀ ತಮ್ಮ ದುಡಿಮೆ ಮಾಡಿಕೊಂಡಿದ್ದವರು. ಓದಿ ಓದಿ ಅವರಿಗೆ ಅರ್ಧ ಬಾಯಿಪಾಠ ಆಗಿರುತ್ತದೆ. ಬಾಯಿಪಾಠವಾದದ್ದು ಹೊಲದಲ್ಲೂ ಮಗ್ಗದ ಮುಂದೆಯೂ ನಾಲಿಗೆಗೆ ಬರುತ್ತದೆ. ಇವತ್ತು ಬೆಂಗಳೂರಿನ ಥಿಯಾಲಜಿ ಕಾಲೇಜುಗಳಲ್ಲಿ ‘ಆಧ್ಯಾತ್ಮಿಕ ರೂಪಣೆ’ ಎಂದು ಪಠ್ಯಕ್ರಮವಾಗಿರುವುದು ನಮ್ಮ ಭಾಗದಲ್ಲಿ ಶುರುವಾದದ್ದು ಹೀಗೆ, ಒಬ್ಬ ಓದುಗನಿಂದ ಎಂದು ನನಗೆ ಅನ್ನಿಸುತ್ತದೆ. ಇಂಥವರಿಗೆ ಉಪದೇಶಿ ಎಂಬ ಹೆಸರು ಈಗಲೂ ಬಳಕೆಯಲ್ಲಿದೆ. ಮದುವೆ ಆದವರು, ದೀಕ್ಷೆ ಇಲ್ಲದವರು. ಜಪ ನಡೆಸುವುದು, ಮಕ್ಕಳಿಗೆ ಧರ್ಮೋಪದೇಶ ಹೇಳುವುದು, ಸಾವಿನ ಮನೆಗೆ ಮೊದಲು ಹೋಗಿ ಕೂರುವುದು ಇವರ ಕೆಲಸ. ಪ್ರೊಟೆಸ್ಟಂಟರಲ್ಲಿ ‘ಬೈಬಲ್ ವುಮನ್’ ಎಂದು ಕರೆಸಿಕೊಂಡ ಹೆಣ್ಣುಮಕ್ಕಳು ಮನೆಯಿಂದ ಮನೆಗೆ ಪುಸ್ತಕ ಹಿಡಿದು ಹೋಗಿ ಓದಿ ಹೇಳುತ್ತಿದ್ದರು. ಇವರ ಚರಿತ್ರೆಯನ್ನು ಯಾರಾದರೂ ನೆಟ್ಟಗೆ ಬರೆಯಬೇಕು.

ಮಿಷನ್ನುಗಳ ದೊಡ್ಡ ಚರಿತ್ರೆ ಬರೆದಿಟ್ಟದ್ದಿದೆ, ಚುಟುಕಾಗಿ ಹೇಳುತ್ತೇನೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿವರೆಗೂ ಹಬ್ಬಿತು. ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ 1847ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಸೆಮಿನರಿ ತೆರೆದರು. ಅಲ್ಲಿ ಪಾಠ ಹೇಳಿದವರಲ್ಲಿ ಆನಂದರಾವ್ ಕೌಂಡಿನ್ಯ ಒಬ್ಬರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಹುಡುಗ, 1844ರಲ್ಲಿ ದೀಕ್ಷಾಸ್ನಾನ ಪಡೆದು ಊರಲ್ಲಿ ಕೋಲಾಹಲ ಎಬ್ಬಿಸಿ, ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಸಭಾಪಾಲಕ ದೀಕ್ಷೆ ಪಡೆದು ಬಂದವರು. ಮುಂದೆ ಈ ಸೆಮಿನರಿಯೂ ತುಮಕೂರಿನ ಸೆಮಿನರಿಯೂ ಕೂಡಿ 1965ರಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಅದಕ್ಕೂ ಮೊದಲು ಮಂಗಳೂರಿನ ಸೆಮಿನರಿಗೆ ಪ್ರಾಂಶುಪಾಲರಾಗಿದ್ದವರಲ್ಲಿ ಕಾರ್ಕಳದ ಸ್ಟ್ಯಾನ್ಲಿ ಸಮರ್ಥ ಒಬ್ಬರು. ಧರ್ಮ ಧರ್ಮಗಳ ನಡುವಿನ ಸಂವಾದದ ವಿಷಯದಲ್ಲಿ ಆಮೇಲೆ ಜಗತ್ತೇ ಅವರ ಮಾತು ಕೇಳಿತು.

ಪಾದ್ರಿಯಾಗಬೇಕೆನ್ನುವ ಕೊಪ್ಪಳದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಹುಡುಗ ಇಂದಿಗೂ ಬಲ್ಮಠದ ಕಡೆ ನೋಡುತ್ತಾನೆ. ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿಗೆ ಪದವೀಧರರಾದರೆ 4 ವರ್ಷ, ಪಿಯುಸಿ ಮುಗಿಸಿದವರಾದರೆ 5. ಪದವಿ ಕೊಡುವುದು ಬಂಗಾಳದ ಸೆರಾಂಪುರದ ಸೆನೆಟ್. ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ್ದು ಅದೇ ಸೆರಾಂಪುರದಲ್ಲಿ ಎಂಬುದು ಆ ಹುಡುಗನಿಗೆ ಗೊತ್ತಿದ್ದರೆ ಸಂತೋಷ. ಕ್ಯಾಥೋಲಿಕರಲ್ಲಿ ಕೊಪ್ಪಳ ಜಿಲ್ಲೆ 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರುತ್ತದೆ. ಅವರ ಗುರುಮಠದ ಓದು ಇನ್ನೂ ಉದ್ದ. ತತ್ವಶಾಸ್ತ್ರ, ದೈವಶಾಸ್ತ್ರ ಎಲ್ಲ ಮುಗಿಯುವಾಗ ಹುಡುಗನಿಗೆ ಮೂವತ್ತರ ಆಸುಪಾಸು.

ಈ ಓದಿನ ತಿರುಳು ಮಾತ್ರ ಪರೀಕ್ಷೆಯ ಪತ್ರಿಕೆಯಲ್ಲಿಲ್ಲ. ಅದು ಒಳಗಿನ ಸಾಧನೆ. ಅದಕ್ಕೆ ಕೈಪಿಡಿ ಬರೆದ ಇಗ್ನೇಷಿಯಸ್ ಲೊಯೊಲಾ ಒಬ್ಬ ಸೈನಿಕ. 1521ರಲ್ಲಿ ಪಾಂಪ್ಲೋನಾದಲ್ಲಿ ಗುಂಡೇಟಿಗೆ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಾಗ ತನ್ನ ಮನಸ್ಸಿನ ಏರಿಳಿತಗಳನ್ನು ಗಮನಿಸತೊಡಗಿದ. ಅದರಿಂದ ಹುಟ್ಟಿದ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕೈಪಿಡಿಯ ಬಹುಪಾಲನ್ನು ಅವನು ಬರೆದದ್ದು ಗುರುಪಟ್ಟ ಸಿಗುವುದಕ್ಕೆ ಮೊದಲು, ಸಾಮಾನ್ಯ ಶ್ರದ್ಧಾವಂತನಾಗಿದ್ದಾಗ. ಇದನ್ನು ನಾನು ಒತ್ತಿ ಹೇಳುತ್ತೇನೆ. ಕೈಪಿಡಿ ಪೂರ್ತಿ ನಡೆಸಲು 30 ದಿನದ ಮೌನ ಬೇಕು. ಆದರೆ ಅದರ ಹತ್ತೊಂಬತ್ತನೇ ಟಿಪ್ಪಣಿಯಲ್ಲಿ ಒಂದು ಸೌಲಭ್ಯವಿದೆ: ಮನೆಮಾರು, ಕೆಲಸ ಬಿಟ್ಟು ಬರಲಾಗದವನು ದಿನಕ್ಕೆ ಒಂದೂವರೆ ತಾಸು ಕೊಟ್ಟು, ತಿಂಗಳುಗಟ್ಟಲೆ ಎಳೆದು, ಇದ್ದಲ್ಲೇ ಮುಗಿಸಬಹುದು.

ಒಂದೂವರೆ ತಾಸೂ ಇಲ್ಲದವರಿಗೆ ರಾತ್ರಿಯ ಆತ್ಮಪರಿಶೋಧನೆ ಇದೆ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರೊಬ್ಬರು ಮಲಗುವ ಮುಂಚೆ ಕಾಲು ಗಂಟೆ ಕೂತರು ಅನ್ನಿ. ಮೊದಲು ದಿನದಲ್ಲಿ ಸಿಕ್ಕ ಒಳ್ಳೆಯದಕ್ಕೆ ಕೃತಜ್ಞತೆ. ಅದರಲ್ಲಿ ಮಧ್ಯಾಹ್ನ ಹಮಾಲ ತಂದುಕೊಟ್ಟ ಚಹಾ ಕೂಡ ಬರಬೇಕು. ಆಮೇಲೆ ಕಾಣುವ ಕಣ್ಣು ಕೊಡು ಎಂಬ ಬೇಡಿಕೆ. ಆಮೇಲೆ ಬೆಳಗಿನಿಂದ ಗಂಟೆ ಗಂಟೆಯಾಗಿ ನೋಡುತ್ತ ಬರುವುದು: ಎಲ್ಲಿ ಸಿಟ್ಟು ಬಂತು, ತೂಕದಲ್ಲಿ ಎಲ್ಲಿ ಕಣ್ಣು ಮುಚ್ಚಿಕೊಂಡೆ, ಎಲ್ಲಿ ಮನಸ್ಸು ಹಗುರವಾಯಿತು. ತಪ್ಪಿಗೆ ಪಶ್ಚಾತ್ತಾಪ. ನಾಳೆಗೆ ಒಂದೇ ಒಂದು ನಿರ್ಧಾರ, ಎರಡಲ್ಲ. ನೋಡಲು ಸರಳ, ವಾರ ಕಳೆಯುವಷ್ಟರಲ್ಲಿ ಬೆವರು ಇಳಿಸುತ್ತದೆ. ಅದಕ್ಕೇ ಪಕ್ಕದಲ್ಲಿ ಕೇಳಿಸಿಕೊಳ್ಳುವವರು ಒಬ್ಬರು ಬೇಕು ಅನ್ನುತ್ತಾರೆ. ಶ್ರಾವಣದಲ್ಲಿ ಊರೂರಲ್ಲಿ ಪುರಾಣ ಕೇಳಿ ಬೆಳೆದ ನಮ್ಮ ಜನಕ್ಕೆ ಒಟ್ಟಿಗೆ ಕೂತು ಕೇಳುವುದು ಗೊತ್ತು. ಒಬ್ಬರ ಎದುರು ಒಬ್ಬರು ಕೂತು ಒಳಗಿನದನ್ನು ಬಿಚ್ಚುವುದು ಹೊಸ ಅಭ್ಯಾಸ.

ಇದ್ದಲ್ಲೇ ಕಲಿಯುವ ಮಾತು ಬಂದದ್ದರಿಂದ ಗ್ವಾಟೆಮಾಲಾ ದೇಶದ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಅಲ್ಲಿನ ಪ್ರೆಸ್ಬಿಟೀರಿಯನ್ ಸೆಮಿನರಿಯವರಿಗೆ ಒಂದು ತೊಡಕು ಎದುರಾಯಿತು. ಹಳ್ಳಿಯ ಸಭೆಗಳನ್ನು ನಿಜವಾಗಿ ನಡೆಸುತ್ತಿದ್ದವರು ಹೊಲಮನೆ ಇದ್ದ ನಡುವಯಸ್ಸಿನವರು, ಅವರು ಸೆಮಿನರಿಗೆ ಬರಲಾರರು. ಬಂದು ಓದಿದ ಹುಡುಗರು ಹಳ್ಳಿಗೆ ಮರಳಲೊಲ್ಲರು. 1963ರಲ್ಲಿ ಅವರು ಪಾಠವನ್ನೇ ಹಳ್ಳಿಗೆ ಕಳಿಸಿದರು. ಮನೆಯಲ್ಲಿ ಓದಿ ಉತ್ತರ ಬರೆಯುವಂಥ ಪುಸ್ತಕ, ವಾರಕ್ಕೊಮ್ಮೆ ಕೂಟ, ಅಲ್ಲಿಗೇ ಬರುವ ಮೇಷ್ಟ್ರು. ಅದೇ ಮಾದರಿಯಲ್ಲಿ 1971ರಲ್ಲಿ ಬೆಂಗಳೂರಿನಲ್ಲಿ ಟಾಫ್ಟಿ ಎಂಬ ಸಂಸ್ಥೆ ಹುಟ್ಟಿತು. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಪಾಠ ಮಾಡಿತು. ಗುಮಾಸ್ತರು, ಟೀಚರುಗಳು, ನರ್ಸುಗಳು ಕೆಲಸ ಬಿಡದೆ ಓದಬಹುದಾಯಿತು. ಸೆರಾಂಪುರದವರೂ ಸಾಮಾನ್ಯ ಶ್ರದ್ಧಾವಂತರಿಗೆ ಬಾಹ್ಯ ಕೋರ್ಸು ತೆರೆದಿದ್ದಾರೆ.

ಕೊಪ್ಪಳದಂಥ ಜಿಲ್ಲೆಗೆ ಹೇಳಿ ಮಾಡಿಸಿದ ಏರ್ಪಾಡು ಇದು. ಆದರೂ ಬೇರು ಬಿಡುವುದು ಕಷ್ಟವಾಗಿದೆ. ಗಟ್ಟಿ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ. ಇಂಗ್ಲಿಷ್ ಲೇಖಕ ಜಾನ್ ಬನ್ಯನ್ನನ ‘ಪಿಲ್ಗ್ರಿಮ್ಸ್ ಪ್ರೋಗ್ರೆಸ್’ ಕೃತಿಯನ್ನು ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ತಂದ ಮಿಷನರಿಗಳ ಹುಮ್ಮಸ್ಸು ಈಗಿನ ಪ್ರಕಾಶಕರಲ್ಲಿ ಕಾಣುವುದಿಲ್ಲ. ಅಬ್ಬರದ ಸ್ವಸ್ಥತಾ ಕೂಟಗಳಿಗೆ ಸೇರುವ ಜನ ನಿಧಾನದ ಓದಿಗೆ ಸೇರುವುದಿಲ್ಲ. ಕೆಲವೇ ತಿಂಗಳ ತರಬೇತಿ ಮುಗಿಸಿ ಪಾಸ್ಟರ್ ಆದವರಿಗೆ ತಾವೇ ಕೂತು ಕಲಿಯಲು ಪುರಸೊತ್ತೂ ಸಿಗುವುದಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರು ಇದ್ದಾರು.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಗುಳೆ. ಸುಗ್ಗಿ ಮುಗಿಯುತ್ತಲೇ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಂಗಳೂರಿಗೆ, ಮಂಗಳೂರಿಗೆ, ಗೋವಾಕ್ಕೆ ಬಸ್ಸು ತುಂಬಿ ಜನ ಹೋಗುತ್ತಾರೆ. ಪಾಠದ ಪುಸ್ತಕವನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋಗಬಹುದು, ವಾರದ ಕೂಟವನ್ನು ಕಟ್ಟಿಕೊಂಡು ಹೋಗಲಾಗದು. ದಿನವಿಡೀ ಕಾಂಕ್ರೀಟು ಹೊತ್ತವರಿಗೆ ರಾತ್ರಿ ಶೆಡ್ಡಿನಲ್ಲಿ ಪುಸ್ತಕ ಬಿಚ್ಚುವ ಚೈತನ್ಯ ಎಲ್ಲಿ ಉಳಿದಿರುತ್ತದೆ? ಮುಂಗಾರಿಗೆ ಊರಿಗೆ ಮರಳಿದಾಗ ಎಲ್ಲಿಗೆ ನಿಂತಿತ್ತೆಂಬುದೇ ಮರೆತಿರುತ್ತದೆ. ಮತ್ತೆ ಒಂದನೇ ಪಾಠದಿಂದ ಶುರು ಮಾಡಬೇಕು.