ತೂಗುಸೇತುವೆಯ ಹಗ್ಗದಲ್ಲಿ ವರ್ಗ ಸಮೀಕರಣ

ಕುಶಾಲನಗರ ಸಮೀಪದ ಕಾವೇರಿ ನಿಸರ್ಗಧಾಮವನ್ನು ಕಂಡವರಿಗೆಲ್ಲ ತೂಗುಸೇತುವೆ ಪರಿಚಿತ. ಅಂಥ ಸೇತುವೆಯ ಮೇಲೆ ನಿಂತು ಛಾಯಾಚಿತ್ರ ತೆಗೆಸಿಕೊಂಡವರು ಅಸಂಖ್ಯ. ಗೋಪುರದಿಂದ ಗೋಪುರಕ್ಕೆ ಬಾಗಿ ಸಾಗುವ ಉಕ್ಕಿನ ಹಗ್ಗದ ಆಕಾರವನ್ನು ಗಮನಿಸಿದವರು ವಿರಳ. ಪ್ರೌಢಶಾಲೆಯ ಗಣಿತದಲ್ಲಿ ಮಕ್ಕಳನ್ನು ಅಂಜಿಸುವ ವರ್ಗ ಸಮೀಕರಣದ ನಕ್ಷೆ, ಅಂದರೆ ಪರವಲಯ, ಅಲ್ಲಿ ಕಣ್ಣೆದುರೇ ತೂಗುತ್ತಿರುತ್ತದೆ.

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದತ್ತ ಹರಿಯುವ ಪಯಸ್ವಿನಿಗೆ ಅರಂಬೂರಿನಲ್ಲಿ 1989ರಲ್ಲಿ ಎಂಜಿನಿಯರ್ ಗಿರೀಶ್ ಭಾರದ್ವಾಜ್ ತಮ್ಮ ಮೊದಲ ತೂಗುಸೇತುವೆಯನ್ನು ನಿರ್ಮಿಸಿದರು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಶಾಲೆ, ಆಸ್ಪತ್ರೆಗಳಿಂದ ದೂರವಾಗುತ್ತಿದ್ದ ಊರುಗಳಿಗೆ ಅವರು ಬಳಿಕ ಇಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂತು.

ಬರಿದೇ ತೂಗುಬಿಟ್ಟ ಸರಪಳಿ ಪರವಲಯವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅದು ಪರವಲಯಕ್ಕೆ ಬಹಳ ಹತ್ತಿರವೆಂದು 1638ರಲ್ಲಿ ಗೆಲಿಲಿಯೊ ಬರೆದಿದ್ದ. ಎರಡೂ ಒಂದೇ ಅಲ್ಲವೆಂದು 1646ರಲ್ಲಿ ಹದಿನೇಳರ ಹರೆಯದ ಹೈಗೆನ್ಸ್ ಸಾಧಿಸಿ ತೋರಿಸಿದ. ಆದರೆ ಹಗ್ಗದ ತೂಕಕ್ಕಿಂತ ಅದಕ್ಕೆ ನೇತುಹಾಕಿದ ನಡೆಹಾದಿಯ ತೂಕವೇ ಹೆಚ್ಚಾಗಿದ್ದು, ಆ ತೂಕ ಉದ್ದಕ್ಕೂ ಸಮನಾಗಿ ಹಂಚಿಕೆಯಾಗಿದ್ದರೆ ಹಗ್ಗ ಪರವಲಯವಾಗಿಯೇ ಬಾಗುತ್ತದೆ.

ಉದಾಹರಣೆಗೆ, 80 ಮೀಟರ್ ಅಂತರದ ಎರಡು ಗೋಪುರಗಳನ್ನು ಊಹಿಸಿಕೊಳ್ಳೋಣ. ಗೋಪುರದ ಬಳಿ ಹಗ್ಗ ನಡೆಹಾದಿಯಿಂದ 10 ಮೀಟರ್ ಎತ್ತರದಲ್ಲಿದೆ, ನಟ್ಟನಡುವೆ 2 ಮೀಟರ್ ಎತ್ತರಕ್ಕೆ ಇಳಿದಿದೆ. ಎಡ ಗೋಪುರದಿಂದ ಅಳೆದ ದೂರ ಎಕ್ಸ್, ಹಗ್ಗದ ಎತ್ತರ ವೈ ಎಂದಾದರೆ ಸಮೀಕರಣ ಹೀಗಿರುತ್ತದೆ:

ವೈ = 0.005 ಎಕ್ಸ್² − 0.4 ಎಕ್ಸ್ + 10

ಇದು ಎ ಎಕ್ಸ್² + ಬಿ ಎಕ್ಸ್ + ಸಿ ಎಂಬ ಸಾಮಾನ್ಯ ರೂಪ. ಎ ಧನ ಸಂಖ್ಯೆಯಾದ್ದರಿಂದ ವಕ್ರರೇಖೆ ಬಟ್ಟಲಿನಂತೆ ಮೇಲ್ಮುಖವಾಗಿ ತೆರೆದುಕೊಳ್ಳುತ್ತದೆ. ಋಣವಾಗಿದ್ದರೆ ಕಮಾನಿನಂತೆ ಬೋರಲಾಗುತ್ತಿತ್ತು. ಮೊದಲು ಹುಡುಕಬೇಕಾದದ್ದು ಸಮಮಿತಿ ಅಕ್ಷವನ್ನು. −ಬಿ ಯನ್ನು 2ಎ ಯಿಂದ ಭಾಗಿಸಬೇಕು: 0.4 ಭಾಗಿಸು 0.01, ಅಂದರೆ 40. ಸೇತುವೆಯ ನಡುಮಧ್ಯವೇ ಸರಿ. ಎಕ್ಸ್‌ಗೆ 40 ಆದೇಶಿಸಿದರೆ 8 − 16 + 10, ಅಂದರೆ 2. ಹೀಗೆ (40, 2) ಪರವಲಯದ ಶೃಂಗ, ಹಗ್ಗದ ಅತಿ ತಗ್ಗಿನ ಬಿಂದು. ಎಕ್ಸ್ ಸೊನ್ನೆಯಾದಾಗ ವೈ 10. ಅದು ಎಡ ಗೋಪುರ. ಅಕ್ಷದ ಕನ್ನಡಿಯಲ್ಲಿ ಅದರ ಪ್ರತಿಬಿಂಬ (80, 10), ಬಲ ಗೋಪುರ.

ಹಗ್ಗ ಎಲ್ಲಾದರೂ ನಡೆಹಾದಿಯನ್ನು ಮುಟ್ಟೀತೇ? ಶೋಧಕವನ್ನು ಕೇಳಬೇಕು. ಬಿ² − 4ಎಸಿ ಎಂದರೆ 0.16 − 0.20, ಅಂದರೆ −0.04. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಹೇಳಿದ್ದಾನೆ. ಆದ್ದರಿಂದ ವಾಸ್ತವ ಮೂಲಗಳಿಲ್ಲ. ಹಗ್ಗ ನಡೆಹಾದಿಯನ್ನು ಎಲ್ಲಿಯೂ ಮುಟ್ಟುವುದಿಲ್ಲ.

ಇನ್ನು ನಕ್ಷೆ. ಪ್ರತಿ 10 ಮೀಟರಿಗೆ ಎತ್ತರ ಲೆಕ್ಕ ಹಾಕಿದರೆ 10, 6.5, 4, 2.5, 2 ಎಂದು ಇಳಿದು, ಅದೇ ಸಂಖ್ಯೆಗಳಲ್ಲಿ ಮರಳಿ ಏರುತ್ತದೆ. ಅರ್ಧವನ್ನಷ್ಟೇ ಲೆಕ್ಕ ಹಾಕಿದರೆ ಸಾಕು, ಉಳಿದರ್ಧವನ್ನು ಸಮಮಿತಿ ಉಚಿತವಾಗಿ ಕೊಡುತ್ತದೆ. ತಾಳೆ ನೋಡಲು ಸುಲಭೋಪಾಯವೂ ಉಂಟು: ಅನುಕ್ರಮ ಇಳಿಕೆಗಳು 3.5, 2.5, 1.5, 0.5, ಪ್ರತಿ ಬಾರಿಯೂ ಸರಿಯಾಗಿ 1 ಕಡಿಮೆ. ಈ ವ್ಯತ್ಯಾಸ ಏರುಪೇರಾದರೆ ಲೆಕ್ಕ ಎಲ್ಲೋ ತಪ್ಪಿದೆ. ಬಿಂದುಗಳನ್ನು ಅಳತೆಪಟ್ಟಿ ಹಿಡಿದು ಗೆರೆಗಳಿಂದ ಜೋಡಿಸುವುದು ವಿದ್ಯಾರ್ಥಿಗಳ ಸಾಮಾನ್ಯ ದೋಷ. ಶೃಂಗದ ಬಳಿ ಮೊನೆ ಇರಕೂಡದು, ರೇಖೆ ನಯವಾಗಿ ತಿರುಗಬೇಕು.

ಮೇಲಿನ ಪಟ್ಟಿ ಕೇವಲ ಅಭ್ಯಾಸವಲ್ಲ. ಹಗ್ಗದಿಂದ ನಡೆಹಾದಿಗೆ ಇಳಿಯುವ ತೂಗುಸರಳುಗಳ ಉದ್ದಗಳೇ ಅವು. ಒಂದು ಸರಳು ಉದ್ದವಾದರೆ ಅದು ಭಾರ ಹೊರದೆ ಸಡಿಲಾಗಿ, ಅಕ್ಕಪಕ್ಕದವುಗಳ ಮೇಲೆ ಹೊರೆ ಬೀಳುತ್ತದೆ.

ಇದಕ್ಕಿಂತಲೂ ಗಂಭೀರವಾದದ್ದು ಎ ಎಂಬ ಪುಟ್ಟ ಸಂಖ್ಯೆ. ಪ್ರತಿ ಮೀಟರಿನ ಭಾರವನ್ನು ಹಗ್ಗದ ಅಡ್ಡಸೆಳೆತದ ಎರಡರಷ್ಟರಿಂದ ಭಾಗಿಸಿದರೆ ದೊರೆಯುವುದೇ ಎ. ನಡೆಹಾದಿ ಹಾಗೂ ಜನರ ಭಾರ ಮೀಟರಿಗೆ 300 ಕಿಲೋ ಎಂದಿಟ್ಟುಕೊಂಡರೆ, ಎ 0.005 ಆಗಿರುವಾಗ ಎರಡೂ ಬದಿಯ ಹಗ್ಗಗಳ ಮೇಲಿನ ಒಟ್ಟು ಅಡ್ಡಸೆಳೆತ 30 ಟನ್. ಗೋಪುರದ ಬಳಿ ಸೆಳೆತ ಇನ್ನೂ ತುಸು ಹೆಚ್ಚು. ನೋಡಲು ಚೆಂದವೆಂದು ಹಗ್ಗವನ್ನು ಬಿಗಿದು, 8 ಮೀಟರ್ ಬಾಗನ್ನು 4 ಮೀಟರಿಗೆ ಇಳಿಸಿದರೆ ಎ 0.0025 ಆಗುತ್ತದೆ, ಅಡ್ಡಸೆಳೆತ 60 ಟನ್ನಿಗೆ ಏರುತ್ತದೆ. ಬಾಗು ಹೆಚ್ಚಿಸಿದರೆ ಹಗ್ಗಕ್ಕೆ ನಿರಾಳ, ಆದರೆ ಗೋಪುರ ಎತ್ತರವಾಗಬೇಕು, ವೆಚ್ಚ ಬೆಳೆಯುತ್ತದೆ. ಹೊಳೆಯ ಪ್ರವಾಹಮಟ್ಟ ಮತ್ತು ದಡದ ಎತ್ತರಗಳನ್ನು ನೋಡಿ ಎಂಜಿನಿಯರ್ ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುತ್ತಾನೆ.