ಕೆಲಸ ಮುಗಿದರೂ ಪ್ರೋಗ್ರಾಮ್ ನಿಲ್ಲೋದಿಲ್ಲ ಯಾಕೆ?

ಪ್ರೋಗ್ರಾಮ್‌ಗಳ ನಡುವೆ ಮೆಸೇಜ್ ಸಾಗಿಸುವ ಝೀರೋಎಂಕ್ಯೂ ಲೈಬ್ರರಿ ಬಳಸುವ ಹುಡುಗರು ಹೆಚ್ಚಾಗಿ ಸಿಕ್ಕಿ ಬೀಳೋದು ಕೊನೆಯಲ್ಲಿ. ಕೆಲಸ ಮುಗಿದಿರುತ್ತದೆ, ಪ್ರೋಗ್ರಾಮ್ ಮಾತ್ರ ನಿಲ್ಲೋದಿಲ್ಲ. ಬೇಜಾರಾಗಿ ಕಿಲ್ ಮಾಡ್ತಾರೆ. ಹೊರಡಲು ಕಾಯ್ತಿದ್ದ ಮೆಸೇಜ್‌ಗಳೂ ಅದರೊಂದಿಗೆ ಹೋಗುತ್ತವೆ.

ಇಲ್ಲಿ ಸಾಕೆಟ್‌ಗಳೆಲ್ಲ ಒಂದು ಕಾಂಟೆಕ್ಸ್ಟ್‌ನ ಕೆಳಗಿರುತ್ತವೆ. ಕಾಂಟೆಕ್ಸ್ಟನ್ನು ಹಲವು ಥ್ರೆಡ್‌ಗಳು ಹಂಚಿಕೊಳ್ಳಬಹುದು, ಸಾಕೆಟನ್ನು ಹಂಚಿಕೊಳ್ಳುವಂತಿಲ್ಲ. ಬಳಸುತ್ತಿರುವ ಥ್ರೆಡ್ಡೇ ಅದನ್ನು ಮುಚ್ಚಬೇಕು. ಮುಖ್ಯ ಥ್ರೆಡ್ ಬೇರೆಯವರ ಸಾಕೆಟ್‌ಗೆ ಕೈ ಹಾಕಿದರೆ ಕ್ರ್ಯಾಶ್ ಆಗಬಹುದು.

ಮುಖ್ಯ ಥ್ರೆಡ್ ಮೊದಲು ತನ್ನ ಸಾಕೆಟ್ ಮುಚ್ಚಬೇಕು (ಮರೆಯೋದು ಇದನ್ನೇ), ಆಮೇಲೆ ಕಾಂಟೆಕ್ಸ್ಟ್‌ಗೆ ಟರ್ಮ್ ಹೇಳಬೇಕು. ಅಂಗಡಿಯ ಶಟರ್ ಅರ್ಧ ಇಳಿಸಿದ ಹಾಗೆ: ಕಟ್ಟಿಟ್ಟ ಸಾಮಾನು ಹೋಗಲಿ, ಹೊಸ ವ್ಯಾಪಾರ ಬೇಡ. ಮೆಸೇಜ್‌ಗಾಗಿ ಕಾಯ್ತಾ ಕೂತ ಥ್ರೆಡ್‌ಗಳಿಗೆ ಆಗ 'ಇಟರ್ಮ್' ಎಂಬ ಎರರ್ ಬರುತ್ತದೆ. ಅದು ಕಂಡ ಕೂಡಲೇ ಲೂಪ್ ಬಿಟ್ಟು ಬಂದು ತಮ್ಮ ಸಾಕೆಟ್ ಮುಚ್ಚಬೇಕು. ಒಂದೇ ಒಂದು ಸಾಕೆಟ್ ತೆರೆದಿದ್ದರೂ ಟರ್ಮ್ ಕಾಯುತ್ತಲೇ ಇರುತ್ತದೆ.

ಎಲ್ಲ ಮುಚ್ಚಿಯೂ ನಿಲ್ಲದಿದ್ದರೆ ಲಿಂಗರ್ ನೋಡಿ. ಮೂಲ ಲೈಬ್ರರಿಯಲ್ಲಿ ಇದರ ಡಿಫಾಲ್ಟ್ -1, ಅಂದರೆ ಮೆಸೇಜ್ ಹೋಗುವ ತನಕ ಎಷ್ಟು ಹೊತ್ತಾದರೂ ಕಾಯೋದು. ಆಚೆ ಕಡೆ ಸರ್ವರ್ ಬಂದ್ ಆಗಿದ್ದರೆ ಕಾದದ್ದೇ ಬಂತು. 0 ಇಟ್ಟರೆ ಉಳಿದದ್ದನ್ನು ತಕ್ಷಣ ಬಿಸಾಡುತ್ತದೆ. ಹಲವರು ಕಣ್ಣು ಮುಚ್ಚಿ 0 ಇಡ್ತಾರೆ. ಹತ್ತು ಸೆಕೆಂಡಿಗೊಮ್ಮೆ ಬರುವ ಉಷ್ಣಾಂಶದ ಲೆಕ್ಕವಾದರೆ ಪರವಾಗಿಲ್ಲ, ಗಿರಾಕಿಯ ಬಿಲ್ಲಾದರೆ ನಷ್ಟ. ಅಂಥಲ್ಲಿ ಸಾಕೆಟ್ ಮುಚ್ಚುವ ಮೊದಲೇ 5000 ಇಡಬಹುದು. ಐದು ಸೆಕೆಂಡು ಕಾದು ಬಿಡುತ್ತದೆ.