ಸುಣ್ಣದೊಳಗಿನ ಶಾಖ ಮತ್ತು ಕಣ್ಣಿನ ರಕ್ಷಣೆ

ಪಕ್ಷಪಾತದ ಮಾತು ಬಂದಾಗಲೆಲ್ಲ ‘ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ’ ಎಂಬ ಗಾದೆ ನಮ್ಮ ನಾಲಿಗೆಯ ಮೇಲೆ ತಾನಾಗಿ ಮೂಡುತ್ತದೆ. ಗಾದೆಯ ನೀತಿಯನ್ನು ಎಲ್ಲರೂ ಬಲ್ಲರು. ಅದರಲ್ಲಿ ಅಡಗಿರುವ ವೈದ್ಯಕೀಯ ಸತ್ಯವನ್ನು ಮಾತ್ರ ನಾವು ಮರೆತಂತಿದೆ. ಸುಣ್ಣ ಕಣ್ಣಿಗೆ ಬಿದ್ದರೆ ಉರಿ ಕಾಣಿಸಿಕೊಂಡು ಶಮನವಾಗುವುದಷ್ಟೇ ಅಲ್ಲ, ದೃಷ್ಟಿಯೇ ಶಾಶ್ವತವಾಗಿ ಹೋಗಬಹುದು.

ಬೆಂಗಳೂರಿನ ಲಾಲ್‌ಬಾಗಿನ ನೆರೆಯಲ್ಲಿರುವ ಸಿದ್ದಾಪುರದಲ್ಲಿ ಸುಣ್ಣದ ಬಳಕೆ ಇಂದಿಗೂ ಕಡಿಮೆಯಾಗಿಲ್ಲ. ಇಲ್ಲಿನ ಸಸ್ಯೋದ್ಯಾನಗಳಲ್ಲಿ ಗಿಡಗಳ ಶಿಲೀಂಧ್ರ ರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದುಂಟು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ಅದರ ಪ್ರಸಿದ್ಧ ಪ್ರಮಾಣ. ಬೀಡಾ ಅಂಗಡಿಗಳಲ್ಲಿ ಸುಣ್ಣದ ಪುಟ್ಟ ಪೊಟ್ಟಣಗಳು ತೂಗುತ್ತಿರುತ್ತವೆ. ಹಿರಿಯರಿರುವ ಮನೆಗಳಲ್ಲಿ ಎಲೆಯಡಿಕೆಯ ತಟ್ಟೆಯೊಡನೆ ಸುಣ್ಣದ ಡಬ್ಬಿಯೂ ಇರುತ್ತದೆ. ಇಷ್ಟು ಪರಿಚಿತವಾದ ವಸ್ತುವಿನ ಸ್ವಭಾವವನ್ನು ಅರಿಯದಿರುವುದು ಕ್ಷೇಮವಲ್ಲ. ಅದನ್ನು ಅರಿಯಲು ಪ್ರೌಢಶಾಲೆಯ ರಸಾಯನಶಾಸ್ತ್ರವೇ ಸಾಕು. ಹತ್ತನೆಯ ತರಗತಿಯ ಮಕ್ಕಳು ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲಿಯೇ ಸುಟ್ಟಸುಣ್ಣಕ್ಕೆ ನೀರು ಹಾಕಿ, ಪಾತ್ರೆ ಬಿಸಿಯಾಗುವುದನ್ನು ಮುಟ್ಟಿ ನೋಡುತ್ತಾರೆ.

ಈ ಬಿಸಿ ಎಲ್ಲಿಂದ ಬಂದಿತು? ಕೆಳಗೆ ಒಲೆಯಿಲ್ಲ, ಬೆಂಕಿಯಿಲ್ಲ. ಉತ್ತರವನ್ನು ಅರಿಯಲು ಸುಣ್ಣದ ಗೂಡಿನವರೆಗೆ ಹೋಗಬೇಕು. ಬಾಗಲಕೋಟೆ, ಕಲಬುರಗಿ ಜಿಲ್ಲೆಗಳಲ್ಲಿ ದೊರೆಯುವಂಥ ಸುಣ್ಣದ ಕಲ್ಲನ್ನಾಗಲಿ, ಕರಾವಳಿಯ ಚಿಪ್ಪನ್ನಾಗಲಿ ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಡುತ್ತಾರೆ. ಆಗ 100 ಗ್ರಾಂ ಶುದ್ಧ ಕಲ್ಲು 44 ಗ್ರಾಂ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು 56 ಗ್ರಾಂ ಸುಟ್ಟಸುಣ್ಣವಾಗುತ್ತದೆ. ಈ ಬದಲಾವಣೆಗಾಗಿ ಅದು ಬೆಂಕಿಯಿಂದ ಸುಮಾರು 178 ಕಿಲೋಜೂಲ್ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 4.2 ಕಿಲೋಜೂಲ್ ಬೇಕು ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಈ ಮೊತ್ತದ ಗಾತ್ರ ತಿಳಿಯುತ್ತದೆ. ಹೀಗೆ ಶಾಖವನ್ನು ಒಳಗೆ ತೆಗೆದುಕೊಳ್ಳುವ ಕ್ರಿಯೆಗೆ ಅಂತರುಷ್ಣಕ ಕ್ರಿಯೆ ಎಂದು ಹೆಸರು. ಗೂಡಿನಿಂದ ಹೊರಬಂದ ಸುಣ್ಣ ಆರಿ ತಣ್ಣಗಾದರೂ, ಪಡೆದ ಈ ಶಕ್ತಿ ಅದರೊಳಗೆ ಸಾಲದಂತೆ ಉಳಿದಿರುತ್ತದೆ.

ಆ ಸಾಲ ಎರಡು ಕಂತುಗಳಲ್ಲಿ ತೀರುತ್ತದೆ. 56 ಗ್ರಾಂ ಸುಟ್ಟಸುಣ್ಣಕ್ಕೆ ನೀರು ಸೇರಿ ಅದು ಅರಳಿದಾಗ ಸುಮಾರು 65 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಅರಳಿದ ಆ ಸುಣ್ಣವನ್ನು ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಕಲ್ಲಾಗುತ್ತದೆ. ಬಳಿದ ಎರಡು ಮೂರು ದಿನಗಳ ಬಳಿಕ ಗೋಡೆಗೆ ಹೊಳಪು ಬರುವುದು ಇದರಿಂದಲೇ. ಈ ಹಂತದಲ್ಲಿ ಉಳಿದ 113 ಕಿಲೋಜೂಲ್ ಹೊರಬೀಳುತ್ತದೆ. ಅದು ದಿನಗಟ್ಟಲೆ ಹಂಚಿಹೋಗುವುದರಿಂದ ಗೋಡೆ ಬೆಚ್ಚಗಾದದ್ದು ನಮಗೆ ತಿಳಿಯುವುದಿಲ್ಲ. ಶಾಖವನ್ನು ಹೊರಗೆ ಬಿಡುವ ಇವೆರಡೂ ಬಹಿರುಷ್ಣಕ ಕ್ರಿಯೆಗಳು. 65 ಮತ್ತು 113 ಕೂಡಿದರೆ 178. ಗೂಡಿನಲ್ಲಿ ಪಡೆದಷ್ಟೇ ಹಿಂದಿರುಗಿತು. ಒಂದೇ ಹಂತದಲ್ಲಿ ನಡೆಯಲಿ, ಹಲವು ಹಂತಗಳಲ್ಲಿ ನಡೆಯಲಿ, ಒಟ್ಟು ಶಾಖದ ಲೆಕ್ಕ ಬದಲಾಗದು ಎಂಬ ಈ ನಿಯಮವನ್ನು 1840ರಲ್ಲಿ ಸಾರಿದವನು ಜಿನೀವಾದಲ್ಲಿ ಹುಟ್ಟಿ ರಷ್ಯಾದಲ್ಲಿ ನೆಲೆಸಿದ ಜರ್ಮೈನ್ ಹೆಸ್. ಆತನು ರಸಾಯನಶಾಸ್ತ್ರಕ್ಕೆ ಬರುವ ಮೊದಲು ಸೈಬೀರಿಯದ ಇರ್ಕುಟ್ಸ್ಕ್‌ನಲ್ಲಿ ವೈದ್ಯವೃತ್ತಿ ನಡೆಸಿದ್ದನೆಂಬುದು ನಮ್ಮಂಥ ವೈದ್ಯರಿಗೆ ಸಂತೋಷದ ಸಂಗತಿ.

ಈ ಲೆಕ್ಕದಿಂದ ಆರೋಗ್ಯಕ್ಕೆ ಸಂಬಂಧಿಸಿದ ಒಂದು ದೊಡ್ಡ ಪಾಠ ಹೊರಡುತ್ತದೆ. 56 ಗ್ರಾಂ ಸುಟ್ಟಸುಣ್ಣ ಒಂದು ಲೋಟದಷ್ಟು ನೀರಿನಲ್ಲಿ ಅರಳಿದರೆ ಆ ನೀರು ಕುದಿಯುವ ಸ್ಥಿತಿಗೆ ಸಮೀಪಿಸುತ್ತದೆ. ಅದೇ ಸುಣ್ಣ ಒಂದು ಲೀಟರ್ ನೀರಿನಲ್ಲಿ ಅರಳಿದರೆ ಉಷ್ಣತೆ ಏರುವುದು ಸುಮಾರು 15 ಡಿಗ್ರಿ. 10 ಲೀಟರ್ ನೀರಾದರೆ ಒಂದೂವರೆ ಡಿಗ್ರಿ ಮಾತ್ರ. ಹೊರಬೀಳುವ ಶಾಖ ಮೂರು ಸಂದರ್ಭಗಳಲ್ಲಿಯೂ ಅಷ್ಟೇ. ಅದನ್ನು ಹೊರುವ ನೀರಿನ ಪ್ರಮಾಣ ಮಾತ್ರ ಬೇರೆ. ಆದ್ದರಿಂದ ಸುಣ್ಣದ ವಿಷಯದಲ್ಲಿ ಅಲ್ಪ ನೀರು ಅಪಾಯಕಾರಿ, ಧಾರಾಳ ನೀರು ರಕ್ಷಕ. ಸುಟ್ಟಸುಣ್ಣದ ಪುಡಿ ಬೆವರಿದ ಚರ್ಮಕ್ಕೆ ತಗುಲಿದಾಗ ಸುಡುವುದೇಕೆ ಎಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ಬೆವರು ಸುಣ್ಣವನ್ನು ಅರಳಿಸುವಷ್ಟಿದೆ, ತಣಿಸುವಷ್ಟಿಲ್ಲ.

ಇಲ್ಲಿ ಒಂದು ಸಂದೇಹ ಮೂಡುವುದು ಸಹಜ. ಎಲೆಗೆ ಹಚ್ಚುವ ಸುಣ್ಣ ಮೊದಲೇ ಅರಳಿದ್ದು, ಅದರ ಬಿಸಿ ಮುಗಿದಿದೆ, ಹಾಗಾದರೆ ಭಯವೇಕೆ? ಬಿಸಿ ಮುಗಿದಿದ್ದರೂ ಅದರ ಕ್ಷಾರಗುಣ ಮುಗಿದಿಲ್ಲ. ತಣ್ಣಗಿನ ಸುಣ್ಣವೂ ಪ್ರಬಲ ಕ್ಷಾರವೇ. ಆಮ್ಲ ತಗುಲಿದಾಗ ಅಂಗಾಂಶದ ಮೇಲ್ಪದರ ಹೆಪ್ಪುಗಟ್ಟಿ, ಒಳಗಿನ ಭಾಗಕ್ಕೆ ಒಂದಿಷ್ಟು ತಡೆಯಾಗುತ್ತದೆ. ಕ್ಷಾರವಾದರೋ ಜೀವಕೋಶಗಳ ಕೊಬ್ಬನ್ನು ಕರಗಿಸಿಕೊಂಡು ಆಳಕ್ಕೆ ಇಳಿಯುತ್ತ ಹೋಗುತ್ತದೆ. ಕಣ್ಣಿನ ಮುಂಭಾಗದ ಕಾರ್ನಿಯಾ ಎಂಬ ಪಾರದರ್ಶಕ ಪಟಲ ಇದರಿಂದ ಮಂಜಾಗುತ್ತದೆ. ಸುಣ್ಣದ ಕಣಗಳು ಮೇಲಿನ ರೆಪ್ಪೆಯ ಒಳಗೆ ಅಂಟಿಕೊಂಡು ಗಂಟೆಗಟ್ಟಲೆ ಕ್ಷಾರವನ್ನು ಬಿಡುತ್ತಲೇ ಇರುತ್ತವೆ. ಈ ಅಪಘಾತಕ್ಕೆ ತುತ್ತಾಗುವವರಲ್ಲಿ ಪುಟ್ಟ ಮಕ್ಕಳೂ ಇದ್ದಾರೆ. ಪೊಟ್ಟಣವನ್ನು ಆಟದ ವಸ್ತುವೆಂದು ಹಿಸುಕಿದಾಗ ಅದು ಒಡೆದು ಸುಣ್ಣ ನೇರವಾಗಿ ಮುಖಕ್ಕೆ ಚಿಮ್ಮುತ್ತದೆ.

ಇಂಥ ಸಂದರ್ಭದಲ್ಲಿ ಕೆಲವರು ನಿಂಬೆರಸ, ಮಜ್ಜಿಗೆ ಮೊದಲಾದ ಹುಳಿ ಪದಾರ್ಥಗಳನ್ನು ಕಣ್ಣಿಗೆ ಹಾಕಲು ಮುಂದಾಗುತ್ತಾರೆ. ಆಯುರ್ವೇದದಲ್ಲಿ ಇದಕ್ಕೆ ಆಧಾರವಿದೆಯೆಂಬ ಮಾತೂ ಕೇಳಿಬರುತ್ತದೆ. ಈ ವಿಷಯದಲ್ಲಿ ಸ್ಪಷ್ಟನೆ ನೀಡುವುದು ನಮ್ಮ ಕರ್ತವ್ಯ. ಸುಶ್ರುತಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯ ಕ್ಷಾರವನ್ನು ಸಿದ್ಧಪಡಿಸುವ ವಿಧಿಯನ್ನು ವಿವರಿಸುತ್ತದೆ. ಶಂಖನಾಭಿ ಮೊದಲಾದವುಗಳನ್ನು ಕೆಂಪಗೆ ಕಾಯಿಸಿ ಕ್ಷಾರೋದಕಕ್ಕೆ ಸೇರಿಸುವ ಕ್ರಮ ಅಲ್ಲಿದೆ. ಕ್ಷಾರವನ್ನು ಹಚ್ಚಿದ ಜಾಗವನ್ನು ಆಮ್ಲದ್ರವ್ಯಗಳಿಂದ ಶಮನಗೊಳಿಸುವ ಉಪಾಯವೂ ಅಲ್ಲಿಯೇ ಇದೆ. ಆಮ್ಲ ಮತ್ತು ಕ್ಷಾರ ಸೇರಿದಾಗ ಎರಡರ ಉಗ್ರತೆಯೂ ಶಮನವಾಗುವುದನ್ನು ನಮ್ಮ ಪ್ರಾಚೀನರು ಕಂಡುಕೊಂಡಿದ್ದರೆಂಬುದು ಹೆಮ್ಮೆಯ ವಿಷಯವೇ. ಆದರೆ ಅದು ವ್ಯಾಧಿಗ್ರಸ್ತ ಭಾಗಕ್ಕೆ ಅಳತೆಯರಿತು ಕ್ಷಾರ ಹಚ್ಚುವ ವೈದ್ಯನಿಗಾಗಿ ಹೇಳಿದ ವಿಧಿ. ಮನೆಯಲ್ಲಿ ಮಗುವಿನ ಕಣ್ಣಿನ ಮೇಲೆ ಮಾಡುವ ಪ್ರಯೋಗವಲ್ಲ. ಆಮ್ಲ ಮತ್ತು ಕ್ಷಾರಗಳ ತಟಸ್ಥೀಕರಣವೂ ಬಹಿರುಷ್ಣಕ ಕ್ರಿಯೆಯೇ, ಅದರಿಂದಲೂ ಶಾಖ ಹೊರಬೀಳುತ್ತದೆ. ನೊಂದ ಕಣ್ಣಿಗೆ ಆ ಶಾಖವೂ ಹುಳಿಯೂ ಹೊಸ ಗಾಯಗಳಾಗುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ನಿಂಬೆಹಣ್ಣು ಹುಡುಕುವ ಹೊತ್ತಿನಲ್ಲಿ ಅಮೂಲ್ಯವಾದ ನಿಮಿಷಗಳು ಕಳೆದುಹೋಗುತ್ತವೆ.

ಹಾಗಾದರೆ ಮಾಡಬೇಕಾದದ್ದೇನು? ಕಣ್ಣನ್ನು ಉಜ್ಜಲೇಬಾರದು. ಆ ಕ್ಷಣವೇ ಹತ್ತಿರದ ಕೊಳಾಯಿಯ ಬಳಿಗೆ ಕರೆದೊಯ್ದು, ರೆಪ್ಪೆಗಳನ್ನು ಬಿಡಿಸಿ ಹಿಡಿದು, ಶುದ್ಧವಾದ ತಣ್ಣೀರನ್ನು ಸಣ್ಣ ಧಾರೆಯಾಗಿ ಎಡೆಬಿಡದೆ ಹರಿಸಬೇಕು. ನೊಂದ ಕಣ್ಣು ಕೆಳಬದಿಗೆ ಬರುವಂತೆ ತಲೆಯನ್ನು ಓರೆಮಾಡಿದರೆ ತೊಳೆದ ನೀರು ಇನ್ನೊಂದು ಕಣ್ಣಿಗೆ ಸೇರದು. ಒಂದೆರಡು ಬಾರಿ ನೀರು ಚಿಮುಕಿಸಿ ನಿಲ್ಲಿಸಬಾರದು. ಗಡಿಯಾರ ನೋಡಿಕೊಂಡು ಕನಿಷ್ಠ 20ರಿಂದ 30 ನಿಮಿಷ ತೊಳೆಯಬೇಕು. ಮಗು ಅತ್ತರೂ, ಹಿರಿಯರು ತಡೆದರೂ ಬಿಡಬಾರದು. ಬೆಣ್ಣೆ, ತುಪ್ಪ, ಜೇನು, ಎದೆಹಾಲು, ಯಾವುದೇ ಅಂಜನ ಬೇಡ. ಅನಂತರ ತಡಮಾಡದೆ ನೇತ್ರತಜ್ಞರ ಬಳಿಗೆ ಹೋಗಬೇಕು. ದಾರಿಯುದ್ದಕ್ಕೂ ಬಾಟಲಿಯಿಂದ ನೀರು ಹನಿಸುತ್ತಿರುವುದು ಒಳ್ಳೆಯದು. ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆಯಿದೆ. ಬೇರೆ ಊರುಗಳಲ್ಲಿ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ರೆಪ್ಪೆಯನ್ನು ಮಗುಚಿ ಅಂಟಿದ ಕಣಗಳನ್ನು ತೆಗೆಯುವುದು ತಜ್ಞರಿಂದಲೇ ಆಗಬೇಕಾದ ಕೆಲಸ. ನೋವು ಇಳಿಯಿತೆಂದು ಮನೆಯಲ್ಲಿ ಉಳಿದುಕೊಳ್ಳಬಾರದು. ನೋವು ಕಡಿಮೆಯಾದ ಮಾತ್ರಕ್ಕೆ ಗಾಯ ಸಣ್ಣದೆಂದು ಅರ್ಥವಲ್ಲ. ಚರ್ಮದ ಮೇಲೆ ಒಣ ಸುಟ್ಟಸುಣ್ಣ ಬಿದ್ದಿದ್ದರೆ ಮೊದಲು ಒಣಬಟ್ಟೆಯಿಂದ ಕೊಡವಿ, ಬಳಿಕ ಧಾರಾಳವಾಗಿ ತೊಳೆಯಬೇಕು.

ಮುನ್ನೆಚ್ಚರಿಕೆ ಇನ್ನೂ ಸುಲಭ. ಸುಣ್ಣದ ಪೊಟ್ಟಣ ಮತ್ತು ಡಬ್ಬಿ ಮಕ್ಕಳ ಕೈಗೆಟುಕದ ಎತ್ತರದಲ್ಲಿರಲಿ. ಹಬ್ಬ ಜಾತ್ರೆಗಳಿಗೆ ಸುಣ್ಣ ಬಳಿಯುವವರೂ, ತೋಟದಲ್ಲಿ ಬೋರ್ಡೋ ದ್ರಾವಣ ಕಲಸುವವರೂ ಕನ್ನಡಕ ಮತ್ತು ಕೈಗವಸು ಧರಿಸಲಿ. ಒಂದು ಕಿಲೋ ಶುದ್ಧ ಸುಟ್ಟಸುಣ್ಣ ಅರಳುವಾಗ ಹೊರಬೀಳುವ ಶಾಖ ಮೂರು ಲೀಟರಿಗೂ ಹೆಚ್ಚು ನೀರನ್ನು ಕುದಿಸಬಲ್ಲದು. ಆದ್ದರಿಂದ ಅಗಲ ಬಾಯಿಯ ಪಾತ್ರೆಯಲ್ಲಿ ಧಾರಾಳವಾಗಿ ನೀರಿಟ್ಟು, ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಅದಕ್ಕೆ ಬಿಡಬೇಕು. ಸುಣ್ಣದ ರಾಶಿಯ ಮೇಲೆ ನೀರು ಸುರಿದರೆ ಅದು ಕೊತಕೊತನೆ ಕುದಿದು ಸಿಡಿಯುತ್ತದೆ. ಪಾತ್ರೆಯ ಮೇಲೆ ಮುಖ ಬಾಗಿಸುವುದೂ ಸಲ್ಲದು. ಪಕ್ಕದಲ್ಲಿ ಒಂದು ಕೊಡ ಶುದ್ಧ ನೀರು ಸದಾ ಸಿದ್ಧವಾಗಿರಲಿ.

ಓದುಗ ಬಂಧುಗಳು ಇಷ್ಟನ್ನು ಮನೆಯವರಿಗೂ ಕೆಲಸಗಾರರಿಗೂ ಇಂದೇ ತಿಳಿಸಬೇಕೆಂದು ಕೋರುತ್ತೇವೆ. ಸುಣ್ಣ ಬಿದ್ದ ಕಣ್ಣಿಗೆ ಮೊದಲ ಔಷಧ ನೀರು, ಮತ್ತು ಅದನ್ನು ಕೊಡಬೇಕಾದವರು ಆ ಗಳಿಗೆಯಲ್ಲಿ ಪಕ್ಕದಲ್ಲಿರುವವರು.